ನುಡಿ ಲೇಔಟ್‌ನಿಂದ ಇನ್‌ಸ್ಕ್ರಿಪ್ಟ್‌ಗೆ: ನನ್ನ ಬೆರಳುಗಳ ಎರಡನೇ ಅಕ್ಷರಾಭ್ಯಾಸ

ಮೊದಲೇ ಹೇಳಿಬಿಡುತ್ತೇನೆ, ನುಡಿ ಕೀಬೋರ್ಡ್ ಚೆನ್ನಾಗಿಲ್ಲ ಅಂತ ನಾನು ಬಿಟ್ಟದ್ದಲ್ಲ. ಬಿಡಬೇಕಾಗಿ ಬಂತು, ಬಿಟ್ಟು ಇನ್‌ಸ್ಕ್ರಿಪ್ಟ್ ಅನ್ನುವ ಇನ್ನೊಂದು ಲೇಔಟ್‌ಗೆ, ಅಂದರೆ ಕೀಗಳ ಮೇಲೆ ಕನ್ನಡ ಅಕ್ಷರಗಳ ಬೇರೊಂದು ಜೋಡಣೆಗೆ, ಬಂದೆ. ಬೆಂಗಳೂರಿನ ಆಫೀಸುಗಳಲ್ಲಿ ಕನ್ನಡದ ಕೆಲಸ ಮಾಡುವವರಲ್ಲಿ ಇದೇ ಇಕ್ಕಟ್ಟಿಗೆ ಸಿಕ್ಕಿಕೊಂಡವರು ಬೇಕಾದಷ್ಟು ಜನ ಇದ್ದಾರೆ. ಅವರಿಗೆ ಅನುಕೂಲವಾಗಲಿ ಅಂತ ನಡೆದದ್ದನ್ನು ನಡೆದ ಹಾಗೇ ಬರೆಯುತ್ತಿದ್ದೇನೆ.

ನಾನು ಡಿಟಿಪಿ ಕೆಲಸದಿಂದ ಬಂದವಳು. ಚಾಮರಾಜಪೇಟೆಯ ಒಂದು ಸಣ್ಣ ಅಂಗಡಿಯಲ್ಲಿ ಲಗ್ನಪತ್ರಿಕೆ, ಸಂಘಗಳ ವಾರ್ಷಿಕ ವರದಿ, ಯಾರದೋ ಮೊದಲ ಕವನ ಸಂಕಲನ, ಹೀಗೆ ಕೈಗೆ ಬಂದದ್ದನ್ನೆಲ್ಲ ಟೈಪ್ ಮಾಡಿ ಪಳಗಿದವಳು. ಆಮೇಲೆ ಅನುವಾದಕ್ಕೆ ಬಂದೆ. ಅಷ್ಟೂ ವರ್ಷ ಕೈಯಲ್ಲಿದ್ದದ್ದು ಒಂದೇ ಲೇಔಟ್. ಕೆ.ಪಿ. ರಾವ್ ಅವರು ರೂಪಿಸಿದ್ದು. ಕನ್ನಡ ಗಣಕ ಪರಿಷತ್ತಿನ ನುಡಿ ತಂತ್ರಾಂಶದ ಜೊತೆ ಸರ್ಕಾರಿ ಕಚೇರಿಯಿಂದ ಹಿಡಿದು ಜೆರಾಕ್ಸ್ ಅಂಗಡಿವರೆಗೂ ಹಬ್ಬಿದ್ದು. ಕೆಲವರು ಕಗಪ ಅನ್ನುತ್ತಾರೆ. ನಮ್ಮಂಥವರಿಗೆ ಅದು ನುಡಿ ಲೇಔಟ್, ಅಷ್ಟೇ.

ಗೊತ್ತಿಲ್ಲದವರಿಗೆ ಸ್ವಲ್ಪ ವಿವರ. ಅದರಲ್ಲಿ ಇಂಗ್ಲಿಷಿನ ಕೆ ಒತ್ತಿದರೆ ಕ. ಶಿಫ್ಟ್ ಹಿಡಿದು ಒತ್ತಿದರೆ ಖ. ಜಿ ಒತ್ತಿದರೆ ಗ, ಎಂ ಒತ್ತಿದರೆ ಮ. ಒತ್ತಕ್ಷರ ಬೇಕಾದರೆ ನಡುವೆ ಎಫ್. ಟ ಮತ್ತು ಡ ಮಾತ್ರ ಕ್ಯೂ, ಡಬ್ಲ್ಯೂ ಮೇಲೆ ಕೂತಿವೆ. ಇಂಗ್ಲಿಷ್ ಟೈಪಿಂಗ್ ಬಂದವರಿಗೆ ಬೇಗ ಕೈಗೆ ಹತ್ತುತ್ತದೆ. ಒಂದು ಸಲ ಹತ್ತಿದ ಮೇಲೆ ಬಿಡುವುದಿಲ್ಲ. ಆ ಬಿಡದಿರುವುದೇ ಮುಂದೆ ನನಗೆ ಕಾಟ ಕೊಟ್ಟದ್ದು.

ಕಳೆದ ವರ್ಷ ಔಟರ್ ರಿಂಗ್ ರೋಡ್ ಕಡೆಯ ಒಂದು ಕಂಪನಿಯ ಅನುವಾದ ವಿಭಾಗಕ್ಕೆ ಸೇರಿದೆ. ಸಂಬಳ ಚೆನ್ನಾಗಿತ್ತು, ಕ್ಯಾಬ್ ಇತ್ತು. ಲ್ಯಾಪ್‌ಟಾಪ್ ಕೊಟ್ಟರು. ತೆರೆದು ನೋಡಿದರೆ ನುಡಿ ಇಲ್ಲ. ಹಾಕಿಕೊಳ್ಳೋಣ ಅಂದರೆ ಹಾಕಲು ಬಿಡುವುದಿಲ್ಲ. ಐಟಿ ವಿಭಾಗದ ಹುಡುಗ ತುಂಬಾ ಮರ್ಯಾದೆಯಿಂದಲೇ ಹೇಳಿದ: "ಮೇಡಂ, ಲಿಸ್ಟಲ್ಲಿ ಇಲ್ಲದ ಸಾಫ್ಟ್‌ವೇರ್ ಹಾಕಕ್ಕಾಗಲ್ಲ. ಒಂದು ಟಿಕೆಟ್ ಹಾಕಿ, ನೋಡೋಣ."

ಟಿಕೆಟ್, ಅಂದರೆ ಐಟಿ ವಿಭಾಗಕ್ಕೆ ಕಳಿಸುವ ಮನವಿ, ಹಾಕಿದೆ. ಅದರಲ್ಲಿ ಕೇಳಿದ್ದು ಏನೇನು ಅಂತೀರಾ? ತಂತ್ರಾಂಶ ತಯಾರಿಸಿದವರು ಯಾರು, ಪರವಾನಗಿಯ ಪ್ರತಿ ಎಲ್ಲಿದೆ, ಯಾವ ಆವೃತ್ತಿ, ಯಾವ ಕೆಲಸಕ್ಕೆ ಬೇಕು, ಇದರ ಬದಲು ಬೇರೆ ಯಾವುದಾದರೂ ಆಗುವುದಿಲ್ಲವೇ, ಮ್ಯಾನೇಜರ್ ಒಪ್ಪಿಗೆ ಇದೆಯೇ. ನಮ್ಮ ಮ್ಯಾನೇಜರ್ ಪುಣೆಯವರು. ಕನ್ನಡ ಅನುವಾದ ಮಾಡುವವಳಿಗೆ ಕನ್ನಡ ಕೀಬೋರ್ಡ್ ಯಾಕೆ ಬೇಕು ಅಂತ ಅವರಿಗೆ ತಿಳಿಸಿ ಹೇಳುವುದಕ್ಕೇ ಒಂದು ಕಾಫಿ ಮುಗಿಯಿತು. ಒಪ್ಪಿದರು, ಪಾಪ. ಆಮೇಲೆ ಟಿಕೆಟ್ ಸೆಕ್ಯುರಿಟಿ ತಂಡಕ್ಕೆ ಹೋಯಿತು. ಹೋಗಿ ಅಲ್ಲೇ ಕೂತಿತು.

ಕಾಯುವಾಗ ಸುಮ್ನೆ ಕೂರಕ್ಕಾಗುತ್ತದಾ? ಕನ್ನಡ ವಿಕಿಪೀಡಿಯದಲ್ಲಿ ಬರೆಯುವ ಪೆಟ್ಟಿಗೆಯೊಳಗೆ ಕ್ಲಿಕ್ ಮಾಡಿದರೆ ಪಕ್ಕದಲ್ಲಿ ಒಂದು ಸಣ್ಣ ಕೀಬೋರ್ಡ್ ಗುರುತು ಬರುತ್ತದೆ. ಅದರಲ್ಲಿ ಲಿಪ್ಯಂತರಣ, ಇನ್‌ಸ್ಕ್ರಿಪ್ಟ್, ಕಗಪ ಮೂರೂ ಇವೆ. ಏನನ್ನೂ ಹಾಕಿಕೊಳ್ಳಬೇಕಾಗಿಲ್ಲ. ಯಾವುದಾದರೂ ಸೈಬರ್ ಸೆಂಟರಿನಲ್ಲಿ ಕೂತು ತುರ್ತಾಗಿ ಎರಡು ಸಾಲು ಕನ್ನಡ ಬರೆಯಬೇಕಾದರೆ ಇದು ನೆನಪಿರಲಿ. ನಾನು ಅಲ್ಲಿ ಟೈಪ್ ಮಾಡಿ, ಕಾಪಿ ಮಾಡಿ, ಆಫೀಸಿನ ಫೈಲಿಗೆ ಅಂಟಿಸುತ್ತಿದ್ದೆ. ಸ್ವಲ್ಪ ದಿನದಲ್ಲೇ ಸೆಕ್ಯುರಿಟಿ ತಂಡದಿಂದ ಮೇಲ್ ಬಂತು: ಗಿರಾಕಿಗಳ ಪಠ್ಯವನ್ನು ಹೊರಗಿನ ತಾಣದಲ್ಲಿ ಬರೆಯಬಾರದು. ಟಿಕೆಟ್ ನೋಡಲು ಪುರುಸೊತ್ತಿಲ್ಲದವರಿಗೆ ಇದು ಮಾತ್ರ ಬೇಗ ಕಂಡಿತು.

ಕೊನೆಗೆ ಟಿಕೆಟ್‌ಗೂ ಉತ್ತರ ಬಂತು. ವಿಂಡೋಸ್‌ನಲ್ಲೇ ಕನ್ನಡ ಇದೆ, ಅದನ್ನೇ ಬಳಸಿ. ಅಲ್ಲಿಗೆ ಮುಚ್ಚಿದರು.

ಅವರು ಹೇಳಿದ್ದು ಸುಳ್ಳೇನಲ್ಲ. ವಿಂಡೋಸ್‌ನಲ್ಲಿ ಎರಡು ಥರ ಕನ್ನಡ ಕೀಬೋರ್ಡ್ ಸಿಗುತ್ತದೆ. ಒಂದು ಫೊನೆಟಿಕ್. 2019ರಿಂದ ವಿಂಡೋಸ್ 10ರ ಜೊತೆ ಬರುತ್ತಿದೆ. ಅದರಲ್ಲಿ ಪದವನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಬರೆಯುತ್ತಾ ಹೋಗಬೇಕು. ಅದು ಕನ್ನಡದಲ್ಲಿ ಒಂದು ಪಟ್ಟಿ ತೋರಿಸುತ್ತದೆ, ನಾವು ಆರಿಸಬೇಕು. ಮನೆಯವರಿಗೆ ನಾಲ್ಕು ಸಾಲು ಬರೆಯಲು ಪರವಾಗಿಲ್ಲ. ದಿನವಿಡೀ ಟೈಪ್ ಮಾಡುವವಳಿಗೆ ಪ್ರತಿ ಪದಕ್ಕೂ ಕಣ್ಣು ಪಟ್ಟಿಯ ಮೇಲೆ ಇಡುವುದು ಆಗದ ಕೆಲಸ. ಊರಿನ ಹೆಸರು, ಮನುಷ್ಯರ ಹೆಸರು ಬಂದಾಗಲಂತೂ ಅದು ಊಹಿಸುವುದೇ ಬೇರೆ.

ಇನ್ನೊಂದು ಇನ್‌ಸ್ಕ್ರಿಪ್ಟ್. ಪಟ್ಟಿಯಲ್ಲಿ ಬರೀ 'ಕನ್ನಡ' ಅಂತ ಇರುವುದು ಇದೇ. 1986ರಲ್ಲಿ ಕೇಂದ್ರ ಸರ್ಕಾರದ ಇಲೆಕ್ಟ್ರಾನಿಕ್ಸ್ ಇಲಾಖೆಯಿಂದ ಬಂದದ್ದು, 1991ರಲ್ಲಿ ಭಾರತೀಯ ಮಾನಕ ಬ್ಯೂರೋದ ಮಾನಕದಲ್ಲೂ ಸೇರಿತು. ಹಿಂದಿ, ತೆಲುಗು, ಬಂಗಾಳಿ, ಮಲಯಾಳಂ, ಯಾವ ಲಿಪಿಯೇ ಆಗಲಿ ಕ ಇರುವ ಜಾಗ ಒಂದೇ. ಯಾವ ಕಂಪ್ಯೂಟರ್ ಮುಂದೆ ಕೂತರೂ ಇರುತ್ತದೆ, ಯಾರ ಅಪ್ಪಣೆಯೂ ಬೇಡ. ಈ ಕೊನೆಯ ಕಾರಣಕ್ಕೇ ನಾನು ಅದನ್ನು ಕಲಿಯಲು ಹೊರಟದ್ದು.

ಒಂದು ಮಾತು. ನಿಮ್ಮ ಕಂಪ್ಯೂಟರಿನಲ್ಲಿ ಲಿನಕ್ಸ್ ಇದ್ದರೆ ಈ ಕಷ್ಟ ಪಡಬೇಡಿ. ಅದರ ಕೀಬೋರ್ಡ್ ಪಟ್ಟಿಯಲ್ಲಿ ಕಗಪ ಮೊದಲಿನಿಂದಲೇ ಇರುತ್ತದೆ. ಸೆಟ್ಟಿಂಗ್‌ಗೆ ಹೋಗಿ ಆರಿಸಿಕೊಂಡರೆ ಮುಗಿಯಿತು. ಮುಂದಿನದನ್ನು ಓದುವುದೂ ಬೇಡ.

ವಿಂಡೋಸ್‌ನಲ್ಲಿ ಸೇರಿಸುವುದು ಕಷ್ಟವಲ್ಲ. ಸೆಟ್ಟಿಂಗ್ಸ್‌ನಲ್ಲಿ ಸಮಯ ಮತ್ತು ಭಾಷೆಯ ವಿಭಾಗಕ್ಕೆ ಹೋಗಿ ಕನ್ನಡ ಸೇರಿಸಬೇಕು. ನಮ್ಮ ಆಫೀಸಿನಲ್ಲಿ ಆ ಪುಟಕ್ಕೂ ಬೀಗ ಹಾಕಿದ್ದರು! ಅದಕ್ಕೆ ಮತ್ತೊಂದು ಟಿಕೆಟ್. ಇದು ಮಾತ್ರ ಅವತ್ತೇ ಆಯಿತು. ಫೊನೆಟಿಕ್ ಕೂಡ ಪಟ್ಟಿಯಲ್ಲಿ ಇದ್ದರೆ ತೆಗೆಸಿಬಿಡಿ. ವಿಂಡೋಸ್ ಕೀ ಮತ್ತು ಸ್ಪೇಸ್ ಒತ್ತಿ ಭಾಷೆ ಬದಲಿಸುವಾಗ ಎರಡೇ ಇದ್ದರೆ ಆಚೆ ಈಚೆ ಹೋಗುವುದು ಸಲೀಸು. ಮೂರಿದ್ದರೆ ಪ್ರತಿ ಸಲವೂ ಎಲ್ಲಿದ್ದೇವೆ ಅಂತ ನೋಡಬೇಕಾಗುತ್ತದೆ.

ಕೀಬೋರ್ಡ್ ಬಂತು. ಮೊದಲ ಪದ 'ಕನ್ನಡ' ಅಂತ ಬರೆಯೋಣ ಅಂದುಕೊಂಡೆ. ಕೈ ತನ್ನಷ್ಟಕ್ಕೆ ತಾನೇ ನುಡಿಯಲ್ಲಿ ಒತ್ತಿತು. ತೆರೆಯ ಮೇಲೆ ಬಂದದ್ದು 'ಕಲಿಲೈ'. ಪಕ್ಕದ ಸೀಟಿನ ಹುಡುಗ ಹಾವೇರಿ ಕಡೆಯವನು. ಬಗ್ಗಿ ನೋಡಿ ನಕ್ಕುಬಿಟ್ಟ. "ಅಕ್ಕಾ, ಕಂಪ್ಯೂಟರೇ ಹೇಳಾಕತ್ತೈತಿ ನೋಡ್ರಿ, ಕಲಿಲೈ ಅಂತ!" ಬೆಂಗಳೂರು ಅಂತ ಒತ್ತಿದರೆ 'ವಾಶುಥಙೀಹ'. ಅದಕ್ಕೆ ಅವನ ಹತ್ತಿರವೂ ಅರ್ಥ ಇರಲಿಲ್ಲ.

ಯಾಕೆ ಹೀಗೆ ಅಂದರೆ, ಇನ್‌ಸ್ಕ್ರಿಪ್ಟ್‌ಗೂ ಇಂಗ್ಲಿಷ್ ಅಕ್ಷರಗಳಿಗೂ ಸಂಬಂಧವೇ ಇಲ್ಲ. ಎರಡೂ ಲೇಔಟ್‌ನಲ್ಲಿ ಒಂದೇ ಕಡೆ ಇರುವ ವ್ಯಂಜನ ನನಗೆ ಸಿಕ್ಕಿದ್ದು ಕ, ಶಿಫ್ಟ್ ಹಿಡಿದರೆ ಖ, ಅಷ್ಟೇ. ಅದೂ ಕಾಕತಾಳೀಯ. ಇನ್ನು ಎಫ್ ವಿಷಯ. ಇಷ್ಟು ವರ್ಷ ಒತ್ತು ಬೇಕಾದಾಗಲೆಲ್ಲ ಎಡಗೈ ತೋರುಬೆರಳು ಎಫ್‌ಗೆ ಹೋಗಿದೆ. ಇನ್‌ಸ್ಕ್ರಿಪ್ಟ್‌ನಲ್ಲಿ ಎಫ್ ಅಂದರೆ ಗುಡಿಸು. ಒತ್ತಿಗೆ ಅದರ ಪಕ್ಕದ ಡಿ. ಒಂದೇ ಕೀ ಅಂತರ! ದೂರ ಇದ್ದಿದ್ದರೆ ಬೇಗ ಮರೆಯುತ್ತಿತ್ತೋ ಏನೋ. ಪಕ್ಕದಲ್ಲೇ ಇರುವುದರಿಂದ ಬೆರಳಿಗೆ ಅನುಮಾನವೇ ಬರುವುದಿಲ್ಲ. ಅಕ್ಕ ಅನ್ನಲು ಹೋಗಿ ಅಕಿಕ, ಅಮ್ಮ ಅನ್ನಲು ಹೋಗಿ ಅಮಿಮ. ಹೊಸ ಜಾಗಗಳನ್ನು ಕಲಿಯುವುದು ಇದರ ಮುಂದೆ ಏನೂ ಅಲ್ಲ. ಹಳೆಯದು ಬೆರಳಿನಿಂದ ಇಳಿದು ಹೋಗುವುದಿದೆಯಲ್ಲ, ಕಷ್ಟ ಇರುವುದು ಅಲ್ಲಿ.

ಆ ಮೊದಲ ವಾರಗಳಲ್ಲಿ ಆದ ನಾಚಿಕೆ ಹೇಳತೀರದು. ಗಂಟೆಗೆ ಪುಟಗಟ್ಟಲೆ ಹೊಡೆಯುತ್ತಿದ್ದವಳು ಒಂದು ಪ್ಯಾರಾಕ್ಕೆ ಊಟದ ಹೊತ್ತಿನವರೆಗೆ ಒದ್ದಾಡುತ್ತಿದ್ದೆ. ತಲೆಯಲ್ಲಿ ವಾಕ್ಯ ಸಿದ್ಧವಾಗಿರುತ್ತದೆ. ಕೈ ಎರಡನೇ ಅಕ್ಷರ ಹುಡುಕುವಷ್ಟರಲ್ಲಿ ವಾಕ್ಯವೇ ಹಾರಿಹೋಗಿರುತ್ತದೆ. ಅನುವಾದ ಕೆಟ್ಟದಾಗುತ್ತಿತ್ತು. ಬೆರಳಿಗೆ ಸುಲಭವಾದ ಪದವನ್ನೇ ಮನಸ್ಸು ಆರಿಸುತ್ತಿತ್ತು. 'ಒಡಂಬಡಿಕೆ' ಅಂತ ಬರೆಯಬೇಕಾದ ಕಡೆ 'ಕರಾರು' ಅಂತ ಬರೆದು ಮುಂದೆ ಹೋದದ್ದು ನೆನಪಿದೆ. ಇದನ್ನು ಮ್ಯಾನೇಜರ್‌ಗೆ ಮೊದಲೇ ಹೇಳಿ ಇಟ್ಟಿದ್ದೆ, ಸ್ವಲ್ಪ ಕಾಲ ಕೆಲಸ ನಿಧಾನ ಆಗುತ್ತದೆ ಅಂತ. ನೀವೂ ಹೇಳಿ. ಬಾಯಲ್ಲಿ ಹೇಳಿದರೆ ಸಾಲದು, ಮೇಲ್ ಮಾಡಿ. ಆಮೇಲೆ ಯಾರಾದರೂ ಲೆಕ್ಕ ಕೇಳಿದರೆ ತೋರಿಸಲು ಒಂದು ಕಾಗದ ಬೇಕು.

ಕೀಗಳ ಮೇಲೆ ಅಂಟಿಸುವ ಕನ್ನಡ ಅಕ್ಷರಗಳ ಸ್ಟಿಕರ್ ಸಿಗುತ್ತದೇನೋ ನೋಡೋಣ ಅಂತ ಒಂದು ಶನಿವಾರ ಎಸ್.ಪಿ. ರಸ್ತೆಗೆ ಹೋದೆ. ಆ ರಸ್ತೆಯಲ್ಲಿ ಇಲ್ಲದ್ದು ಯಾವುದೂ ಇಲ್ಲ ಅನ್ನುತ್ತಾರಲ್ಲ. ಅಂಗಡಿಯವರು ಹಿಂದಿ ತೋರಿಸಿದರು, ಅರೇಬಿಕ್ ತೋರಿಸಿದರು. "ಕನ್ನಡ ಯಾರೂ ಕೇಳಲ್ಲಕ್ಕಾ" ಅಂದರು. ಬೆಂಗಳೂರಿನ ನಟ್ಟನಡುವೆ ನಿಂತು ಈ ಮಾತು ಕೇಳಿ ಸಿಟ್ಟು ಬಂತು, ನಿಜ. ಆಮೇಲೆ ಹೊಳೆಯಿತು, ಹಿಂದಿಯದೇ ಸಾಕಲ್ಲ! ಜಾಗಗಳು ಒಂದೇ. ಹಿಂದಿಯ ಕ ಇದ್ದ ಕಡೆ ನಮ್ಮ ಕ.

ಆದರೆ ಇಲ್ಲೊಂದು ಎಚ್ಚರಿಕೆ. ಹಿಂದಿ ಸ್ಟಿಕರ್ ಎರಡು ಬಗೆ ಬರುತ್ತದೆ. ಹಳೆ ಟೈಪ್‌ರೈಟರಿನ ರೆಮಿಂಗ್ಟನ್ ಲೇಔಟ್‌ನದ್ದು ಒಂದು, ಇನ್‌ಸ್ಕ್ರಿಪ್ಟ್‌ನದ್ದು ಒಂದು. ಹೊದಿಕೆ ಮೇಲೆ ಏನೂ ಬರೆದಿರುವುದಿಲ್ಲ, ಬರೆದಿದ್ದರೂ ನಂಬುವ ಹಾಗಿಲ್ಲ. ಇಂಗ್ಲಿಷ್ ಕೆ ಇರುವ ಸ್ಟಿಕರ್ ಮೇಲೆಯೇ ಹಿಂದಿಯ ಕ ಇದ್ದರೆ ಅದು ಇನ್‌ಸ್ಕ್ರಿಪ್ಟ್. ಡಿ ಮೇಲೆ ಇದ್ದರೆ ವಾಪಸ್ ಕೊಡಿ.

ಬೆಳಕು ಹೊಳೆಯುವ ಪುಟ್ಟ ಕೀಬೋರ್ಡ್ ಒಂದನ್ನೂ ತೋರಿಸಿದರು. ನೋಡಲು ಮುದ್ದಾಗಿತ್ತು. ಎಡಗಡೆ ಮೇಲಿನ ಮೂಲೆ ನೋಡಿದೆ. ಒಂದನೇ ಅಂಕಿಯ ಪಕ್ಕದ ಕೀ ಇಲ್ಲ, ಅಲ್ಲಿ ಎಸ್ಕೇಪ್ ಇದೆ. ಬೇಡ ಅಂದೆ. ಇನ್‌ಸ್ಕ್ರಿಪ್ಟ್‌ನಲ್ಲಿ ಕೊ, ತೊ, ಮೊ ಬರಬೇಕಾದರೆ ಆ ಮೂಲೆಯ ಕೀಯೇ ಬೇಕು, ಒ ಸ್ವರಕ್ಕೂ ಅದೇ. ಹೊಸ ಕೀಬೋರ್ಡ್ ಕೊಳ್ಳುವವರು ಇದನ್ನು ನೋಡದೆ ದುಡ್ಡು ಕೊಡಬೇಡಿ. ಸಾಧಾರಣ ಉದ್ದದ, ಸದ್ದು ಜಾಸ್ತಿ ಇಲ್ಲದ ಒಂದನ್ನು ತೆಗೆದುಕೊಂಡು ಬಂದೆ.

ಕಲಿಸಿದವರು ಮಾತ್ರ ನಮ್ಮ ಹನುಮಂತನಗರದ ಟೈಪಿಂಗ್ ಮೇಷ್ಟ್ರು. ಹಳೇ ಇನ್‌ಸ್ಟಿಟ್ಯೂಟ್. ಗೋಡೆ ಪಕ್ಕ ಟೈಪ್‌ರೈಟರ್‌ಗಳ ಸಾಲು, ಜೂನಿಯರ್ ಸೀನಿಯರ್ ಪರೀಕ್ಷೆಗೆ ಬರುವ ಹುಡುಗರು, ಈಚೆ ನಾಲ್ಕು ಕಂಪ್ಯೂಟರು. ಅವರು ಕನ್ನಡ ಟೈಪ್‌ರೈಟರಿನಿಂದ ನುಡಿಗೆ ಬಂದವರು. ಇನ್‌ಸ್ಕ್ರಿಪ್ಟ್ ಅವರಿಗೂ ಹೊಸದು. "ಲೇಔಟ್ ಯಾವುದಾದ್ರೇನಮ್ಮ, ಕಣ್ಣು ಕೆಳಗೆ ಹೋಗಬಾರದು. ಅಷ್ಟೇ ಪಾಠ" ಅಂದರು. ನಾನು ಅಂಟಿಸಿಕೊಂಡು ಹೋಗಿದ್ದ ಸ್ಟಿಕರ್ ನೋಡಿ ಏನೂ ಹೇಳಲಿಲ್ಲ. ಹೆಗಲ ಮೇಲಿದ್ದ ಟವೆಲ್ ತೆಗೆದು ನನ್ನ ಎರಡೂ ಕೈ ಮುಚ್ಚುವ ಹಾಗೆ ಕೀಬೋರ್ಡ್ ಮೇಲೆ ಹಾಸಿಬಿಟ್ಟರು. ಆ ಟವೆಲ್ ಕೆಳಗೆ ಬೆವರುತ್ತಾ ನಾನು ಕಲಿತದ್ದು. ಸ್ಟಿಕರ್ ಮೊದಲ ದಿನಗಳ ಗಾಬರಿ ಕಳೆಯಲು ಸರಿ. ಆಮೇಲೆ ಅದು ಕಣ್ಣನ್ನು ಕೆಳಗೆ ಎಳೆಯುತ್ತದೆ, ಅಷ್ಟೇ.

ಪಟ್ಟಿ ಬಾಯಿಪಾಠ ಮಾಡಲು ಹೋಗಬೇಡಿ. ಇನ್‌ಸ್ಕ್ರಿಪ್ಟ್‌ಗೆ ಒಂದು ಲೆಕ್ಕಾಚಾರ ಇದೆ, ಅದು ಹಿಡಿತಕ್ಕೆ ಬಂದರೆ ಅರ್ಧ ಕೆಲಸ ಆದ ಹಾಗೆ. ಎಡಗೈ ಕಡೆ ಸ್ವರಗಳು, ಬಲಗೈ ಕಡೆ ಹೆಚ್ಚಿನ ವ್ಯಂಜನಗಳು. ಬಲಗೈ ನಡುಸಾಲಿನಲ್ಲಿ ಪ, ರ, ಕ, ತ, ಚ, ಟ. ಅವುಗಳಲ್ಲಿ ಪ ಮೇಲಿನ ಸಾಲಿನಲ್ಲಿ ಬ, ಕ ಮೇಲೆ ಗ, ತ ಮೇಲೆ ದ, ಚ ಮೇಲೆ ಜ, ಟ ಮೇಲೆ ಡ. ಶಿಫ್ಟ್ ಹಿಡಿದರೆ ಅವುಗಳದ್ದೇ ಮಹಾಪ್ರಾಣ. ಎಡಗಡೆಯೂ ಹಾಗೇ. ನಡುಸಾಲಿನಲ್ಲಿ ಹ್ರಸ್ವ ಕಿ, ಕು. ಅದರ ಮೇಲೆಯೇ ದೀರ್ಘ ಕೀ, ಕೂ. ಬರೀ ಒತ್ತಿದರೆ ಗುಣಿತದ ಗುರುತು, ಶಿಫ್ಟ್ ಹಿಡಿದರೆ ಪೂರ್ತಿ ಸ್ವರ. ಒಂದನೇ ಕ್ಲಾಸಿನಲ್ಲಿ ಕೂತು ಹೇಳಿದ ವರ್ಗಗಳು ಇಲ್ಲಿ ಕೆಲಸಕ್ಕೆ ಬಂದವು.

ಮೇಷ್ಟ್ರು ನಡುಸಾಲು ಬಿಟ್ಟು ಬೆರಳು ಎತ್ತದೆ ಬರೆಯಬಹುದಾದ ಪದಗಳನ್ನು ಹುಡುಕು ಅಂದರು. ಹುಡುಕಿದೆ. ಕೋತಿ, ಟೋಪಿ, ಚಿಕ್ಕ, ಪಕ್ಕ, ಕೋಪ, ರಿಪೇರಿ, ತಿರುಪತಿ. ಎಲ್ಲಕ್ಕಿಂತ ಸಲೀಸಾಗಿ ಬರುವ ಪದ ಯಾವುದು ಗೊತ್ತಾ? ಕಿರಿಕಿರಿ. ಮೂರೇ ಬೆರಳು, ಬಲಗೈ ಎಡಗೈ ಬಲಗೈ ಎಡಗೈ. ಆ ದಿನಗಳಲ್ಲಿ ನನ್ನ ವೇಗ ಚೆನ್ನಾಗಿದ್ದದ್ದು ಆ ಒಂದು ಪದಕ್ಕೆ. ಮೆಟ್ರೋದಲ್ಲಿ ಹೋಗುವಾಗ ನಿಲ್ದಾಣದ ಹೆಸರು ನೋಡಿ ತೊಡೆಯ ಮೇಲೆ ಬೆರಳು ಆಡಿಸುತ್ತಿದ್ದೆ. ರಾಜಾಜಿನಗರ ಸುಲಭ, ಎಲ್ಲೂ ಶಿಫ್ಟ್ ಇಲ್ಲ. ಪಕ್ಕದಲ್ಲಿ ಕೂತವರು ಏನಂದುಕೊಂಡರೋ.

ಈಗ ಬೈಗುಳದ ಭಾಗ. ಈ ಲೇಔಟ್ ಹಾಕುವಾಗ ಮನಸ್ಸಿನಲ್ಲಿ ಇದ್ದದ್ದು ಹಿಂದಿ ಅನ್ನುವುದು ಪ್ರತಿ ಸಾಲಿನಲ್ಲೂ ಗೊತ್ತಾಗುತ್ತದೆ. ಹಿಂದಿಗೆ ಹ್ರಸ್ವ ಎ, ಹ್ರಸ್ವ ಒ ಬೇಕಾಗುವುದಿಲ್ಲ. ಹಾಗಾಗಿ ಕೇ, ಕೋ ಗಳ ದೀರ್ಘ ಗುರುತಿಗೆ ನಡುಸಾಲಿನ ಒಳ್ಳೆ ಜಾಗ ಸಿಕ್ಕಿದೆ. ನಮ್ಮ ಎತ್ವ ಕೆಳಗಿನ ಮೂಲೆಯ ಝಡ್‌ಗೆ ಹೋಗಿ ಬಿದ್ದಿದೆ, ಒತ್ವ ಮೇಲಿನ ಮೂಲೆಗೆ. ಮನೆ, ಬೆಳಿಗ್ಗೆ, ಎಂದರೆ, ಹೊರಗೆ, ಕೊನೆಗೆ. ಇವಿಲ್ಲದೆ ಕನ್ನಡದಲ್ಲಿ ಒಂದು ಪ್ಯಾರಾ ಬರೆಯಿರಿ ನೋಡೋಣ! ಎಲ್ಲವೂ ಎಡಗೈ ಕಿರುಬೆರಳಿನ ತಲೆಗೆ. ಬಲಗೈ ಕಿರುಬೆರಳಿನ ಪಾಲಿಗೆ ಡ ಬಂದಿದೆ, ಅದೂ ದೂರದ ಚೌಕ ಆವರಣದ ಕೀ ಮೇಲೆ. ಮಾಡು, ನೋಡು, ಕೂಡ, ಬೇಡ. 'ಮಾಡಿಕೊಂಡು' ಅಂತ ಬರೆಯುವುದನ್ನು ನಿಧಾನವಾಗಿ ನೋಡಿ. ಬಲಗಿರುಬೆರಳು ಡ ಗೆ ಹೋಗಿ ಬರುತ್ತದೆ, ಎಡಗಿರುಬೆರಳು ಮೂಲೆಗೆ ಹತ್ತಿ ಇಳಿಯುತ್ತದೆ, ಬಲಗಿರುಬೆರಳು ಮತ್ತೆ ಡ ಗೆ. ಸಂಜೆ ಹೊತ್ತಿಗೆ ಎರಡೂ ಕಿರುಬೆರಳು ಜೋಮು ಹಿಡಿದಿರುತ್ತಿದ್ದವು. ಈಗಲೂ ಜಾಸ್ತಿ ಕೆಲಸ ಇದ್ದ ದಿನ ನೋವು ಬರುತ್ತದೆ.

ಲಾಭ ಇಲ್ಲ ಅಂತಲ್ಲ. ನುಡಿಯಲ್ಲಿ ದೀರ್ಘ ಬಂದಾಗಲೆಲ್ಲ ಶಿಫ್ಟ್ ಬೇಕಿತ್ತು, ಸೊನ್ನೆಗೂ ಬೇಕಿತ್ತು. ಇಲ್ಲಿ ಬೇಡ. ಆದರೆ ಪದದ ಮೊದಲಿಗೆ ಅ, ಇ, ಎ, ಒ ಬಂದರೆ ಇಲ್ಲಿ ಶಿಫ್ಟ್, ಅಲ್ಲಿ ಬೇಕಿರಲಿಲ್ಲ. ಒಟ್ಟಿನಲ್ಲಿ ವೇಗ ಹೆಚ್ಚಾಗುತ್ತದೆ ಅಂತ ಯಾರಾದರೂ ಹೇಳಿದರೆ ನಂಬಬೇಡಿ. ನನ್ನ ವೇಗ ಹಳೆಯದರ ಹತ್ತಿರಕ್ಕೆ ಬಂದಿದೆ, ಮೀರಿಲ್ಲ. ವೇಗಕ್ಕಾಗಿ ಬದಲಾಯಿಸುವುದಾದರೆ ಇದು ಬೇಡ. ಎಲ್ಲಿ ಹೋದರೂ ಕೀಬೋರ್ಡ್ ಸಿಗಬೇಕು ಅನ್ನುವವರಿಗೆ ಮಾತ್ರ ಇದು.

ಯಾರೂ ಮೊದಲು ಹೇಳದ ಇನ್ನೊಂದು ತೊಂದರೆ, ಉದ್ಧರಣ ಚಿಹ್ನೆ. ಆ ಕೀ ಮೇಲೆ ಟ ಮತ್ತು ಠ ಕೂತಿವೆ. ಅದರ ಪಕ್ಕದ ಅರ್ಧ ವಿರಾಮ, ವಿವರಣ ಚಿಹ್ನೆಗಳ ಜಾಗದಲ್ಲಿ ಚ, ಛ. ಹಾಗಾಗಿ ಯಾರಾದರೂ ಮಾತಾಡಿದರು ಅಂತ ಬರೆಯಬೇಕಾದರೆ ಇಂಗ್ಲಿಷಿಗೆ ಹೋಗಿ ಚಿಹ್ನೆ ಹಾಕಿ ವಾಪಸ್ ಬರಬೇಕು, ಮಾತು ಮುಗಿದಾಗ ಮತ್ತೆ ಹೋಗಬೇಕು. ನಾಟಕ ಅನುವಾದ ಮಾಡುವವರ ಪಾಡು ಯೋಚಿಸಿ. ನಾನೀಗ ಮೊದಲು ಚಿಹ್ನೆಯಿಲ್ಲದೆ ಪೂರ್ತಿ ಬರೆದು, ಕೊನೆಗೆ ಇಂಗ್ಲಿಷಿಗೆ ಹೋಗಿ ಒಂದೇ ಸಲಕ್ಕೆ ಎಲ್ಲ ಹಾಕುತ್ತೇನೆ.

ಸಾಫ್ಟ್‌ವೇರ್, ಲ್ಯಾಪ್‌ಟಾಪ್ ಥರದ ಪದಗಳದ್ದು ಬೇರೆ ಕಥೆ. ನಡುವೆ ಅಕ್ಷರಗಳನ್ನು ಬಿಡಿಸುವ ಕಾಣದ ಗುರುತು ಹಾಕದಿದ್ದರೆ ಮುಂದಿನ ಅಕ್ಷರ ಒತ್ತಾಗಿ ಕೆಳಗೆ ಸೇರಿಕೊಳ್ಳುತ್ತದೆ. ವರ್ಡ್‌ನಲ್ಲಿ ಇದಕ್ಕೆ ಉಪಾಯ ಇದೆ. ಇಂಗ್ಲಿಷಿಗೆ ಬಂದು 200ಸಿ ಅಂತ ಇಂಗ್ಲಿಷ್ ಅಕ್ಷರದಲ್ಲಿ ಬರೆದು, ಆಲ್ಟ್ ಹಿಡಿದು ಎಕ್ಸ್ ಒತ್ತಿದರೆ ಆ ಗುರುತು ಬರುತ್ತದೆ. ಪ್ರತಿ ಸಲ ಯಾರು ಮಾಡುತ್ತಾರೆ? ಹೆಚ್ಚಾಗಿ ಬರುವ ಪದಗಳನ್ನು ಒಮ್ಮೆ ಸರಿಯಾಗಿ ಬರೆದು ಆಟೋಕರೆಕ್ಟ್‌ಗೆ ಸೇರಿಸಿಟ್ಟುಕೊಂಡಿದ್ದೇನೆ.

ಇನ್ನೊಂದು ಸಣ್ಣ ಎಚ್ಚರಿಕೆ. ಪಾಸ್‌ವರ್ಡ್ ಹಾಕುವ ಮೊದಲು ಕೆಳಗಿನ ಪಟ್ಟಿಯಲ್ಲಿ ಯಾವ ಭಾಷೆ ಇದೆ ನೋಡಿ. ಚುಕ್ಕಿಗಳು ಮಾತ್ರ ಕಾಣುವ ಜಾಗದಲ್ಲಿ ಕನ್ನಡ ಹೋಗುತ್ತಿದೆಯೋ ಇಂಗ್ಲಿಷ್ ಹೋಗುತ್ತಿದೆಯೋ ಗೊತ್ತಾಗುವುದಿಲ್ಲ. ನನ್ನ ಖಾತೆಗೆ ಬೀಗ ಬಿದ್ದು, ಅದನ್ನು ತೆಗೆಸಲು ಇನ್ನೂ ಒಂದು ಟಿಕೆಟ್ ಆಯಿತು.

ಮನೆಯ ಕಂಪ್ಯೂಟರಿನಲ್ಲಿ ನುಡಿಯನ್ನೇ ಇಟ್ಟುಕೊಂಡು ಆಫೀಸಿನಲ್ಲಿ ಮಾತ್ರ ಇನ್‌ಸ್ಕ್ರಿಪ್ಟ್ ಬಳಸೋಣ ಅಂತ ಕೆಲವರು ಯೋಚಿಸುತ್ತಾರೆ. ಕಲಿಯುವ ಕಾಲದಲ್ಲಿ ಇದು ಬೇಡವೇ ಬೇಡ. ಭಾನುವಾರ ಮನೆಯಲ್ಲಿ ನುಡಿಯಲ್ಲಿ ಒಂದಷ್ಟು ಟೈಪ್ ಮಾಡಿದರೆ ಸೋಮವಾರ ಎಫ್ ಮತ್ತೆ ತಲೆ ಎತ್ತುತ್ತದೆ. ನಾನು ಮನೆಯದನ್ನೂ ಬದಲಾಯಿಸಿದೆ. ಫೋನಿಗೆ ಮಾತ್ರ ಕೈ ಹಚ್ಚಲಿಲ್ಲ. ಅಲ್ಲಿ ಕೆಲಸ ಮಾಡುವುದು ಹೆಬ್ಬೆರಳು, ಅದರ ನೆನಪೇ ಬೇರೆ.

ಹಳೆ ಫೈಲುಗಳ ಬಗ್ಗೆ ಕೇಳುತ್ತಾರೆ. ಲೇಔಟ್ ಬದಲಾದರೆ ಫೈಲಿಗೆ ಏನೂ ಆಗುವುದಿಲ್ಲ, ಎಲ್ಲ ಕಂಪ್ಯೂಟರಿಗೂ ಅರ್ಥವಾಗುವ ಯೂನಿಕೋಡ್ ಸಂಕೇತದಲ್ಲಿ ಬರೆದಿದ್ದರೆ. ಡಿಟಿಪಿ ಕಾಲದ ಆಸ್ಕಿ ಫಾಂಟಿನ ಫೈಲುಗಳಾದರೆ ನುಡಿ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ಅರ್ಥವಿಲ್ಲದ ರೋಮನ್ ಅಕ್ಷರಗಳ ರಾಶಿಯಾಗಿ ಕಾಣುತ್ತವೆ. ಅವುಗಳನ್ನು ಯೂನಿಕೋಡಿಗೆ ಬದಲಾಯಿಸಿ ಇಟ್ಟುಕೊಳ್ಳಿ. ಬದಲಾಯಿಸಿದ ಮೇಲೆ ಅರ್ಕಾವತ್ತು ಇರುವ ಪದಗಳನ್ನೂ ಅಂಕಿಗಳನ್ನೂ ಒಂದು ಸಲ ಕಣ್ಣಾರೆ ನೋಡಿ.

ನಿರೀಕ್ಷೆ ಇಲ್ಲದೆ ಸಿಕ್ಕ ಲಾಭವೊಂದಿದೆ. ನಮ್ಮ ತೆಲುಗು ವಿಭಾಗದ ಗೆಳತಿ ರಜೆಯಲ್ಲಿದ್ದ ದಿನ ಒಂದು ತುರ್ತು ತಿದ್ದುಪಡಿ ಬಂತು. ನಾಲ್ಕು ಊರಿನ ಹೆಸರು ತೆಲುಗಿನಲ್ಲಿ ಸರಿಮಾಡಬೇಕು. ತೆಲುಗು ಓದಲು ನನಗೆ ಬರುತ್ತದೆ, ಬರೆದದ್ದು ಯಾವತ್ತೂ ಇಲ್ಲ. ತೆಲುಗು ಕೀಬೋರ್ಡ್ ಹಾಕಿಕೊಂಡು ಕನ್ನಡದ ಜಾಗಗಳನ್ನೇ ಒತ್ತಿದೆ. ತೆಲುಗು ಬಂತು! ಆಮೇಲೆ ಅವಳೇ ನೋಡಿ ಸರಿಯಾಗಿದೆ ಅಂದಳು. ಈಗ ತೆಲುಗು ಹೆಸರುಗಳ ಪಟ್ಟಿ ಬಂದರೆ ನನ್ನ ಮೇಜಿಗೂ ಬರುತ್ತದೆ. ಕೆಲಸ ಜಾಸ್ತಿಯಾಯಿತು ಅಂತಲೂ ಹೇಳಬಹುದು.

ಖರ್ಚು ಎಷ್ಟು ಅಂತ ಕೇಳುವವರಿಗೆ: ಸ್ಟಿಕರ್ 120 ರೂಪಾಯಿ, ಕೀಬೋರ್ಡ್ 750, ಮೇಷ್ಟ್ರಿಗೆ ತಿಂಗಳಿಗೆ 600. ಇವೆಲ್ಲ ಚಿಲ್ಲರೆ. ದೊಡ್ಡ ಏಟು ಬಿದ್ದದ್ದು ಹೊರಗಿನ ಅನುವಾದಕ್ಕೆ. ಪದಕ್ಕಿಷ್ಟು ಅಂತ ದುಡ್ಡು ಬರುವ ಕೆಲಸವನ್ನು ನಿಧಾನ ಕೈಯಲ್ಲಿ ಒಪ್ಪಿಕೊಳ್ಳಲಾಗದೆ ಎರಡು ತಿಂಗಳು ಪೂರ್ತಿ ಬಿಟ್ಟೆ. ಸ್ವಂತವಾಗಿ ಅನುವಾದ ಮಾಡಿ ಬದುಕುವವರು ಕೈಯಲ್ಲಿ ಸ್ವಲ್ಪ ಉಳಿತಾಯ ಇಟ್ಟುಕೊಂಡೇ ಇದಕ್ಕೆ ಇಳಿಯಿರಿ. ಪುಸ್ತಕದ ಗಡುವು, ಚುನಾವಣೆ ಸಮಯ, ರಾಜ್ಯೋತ್ಸವದ ಸಂಚಿಕೆಗಳ ಕಾಲ ತಪ್ಪಿಸಿ.

ಕೀಬೋರ್ಡಿನ ದುಡ್ಡು ಆಫೀಸಿನಿಂದ ವಾಪಸ್ ಬರುತ್ತದೆ ಅಂತ ಮ್ಯಾನೇಜರ್ ಹೇಳಿದ್ದರು. ಅರ್ಜಿ ಹಾಕಿದೆ. ಬಿಲ್ಲಿನಲ್ಲಿ ಜಿಎಸ್‌ಟಿ ಸಂಖ್ಯೆ ಇಲ್ಲ ಅಂತ ವಾಪಸ್ ಬಂತು. ಎಸ್.ಪಿ. ರಸ್ತೆಯ ಆ ಅಂಗಡಿಯವರು ಕೊಟ್ಟದ್ದು ಕೈಬರಹದ ಚೀಟಿ. ನೀವು ಕೊಳ್ಳುವಾಗ ದುಡ್ಡು ಕೊಡುವ ಮೊದಲೇ ಜಿಎಸ್‌ಟಿ ಬಿಲ್ ಕೇಳಿ. ಬೆಲೆ ಸ್ವಲ್ಪ ಜಾಸ್ತಿ ಹೇಳುತ್ತಾರೆ, ಹೇಳಲಿ.